ಘಾಟಿಯ ಹಾಡು

ಹಳೇ ಲಾರಿಯೊಂದರ ಹಿಂದಿನ ಆಕ್ಸಲ್ಲಿನ ಗುಂಡು ಡಬ್ಬಿಯೊಳಗೆ ಹಲ್ಲುಚಕ್ರವೊಂದು ಕಪ್ಪು ಎಣ್ಣೆಯಲ್ಲಿ ಮುಳುಗಿ ಕನಸು ಕಾಣುತ್ತಿತ್ತು. ಘಾಟಿ ಏರುವಾಗೆಲ್ಲ ಆ ಕತ್ತಲಲ್ಲಿ ಸಣ್ಣಗೆ ಒಂದು ಹಾಡು ಕೇಳುತ್ತಿತ್ತು.

"ನಿನ್ನದೇ ಕಂಠ, ರಾಣಿ," ಎನ್ನುತ್ತಿತ್ತು ಎಣ್ಣೆ.

"ಕಂಠವಲ್ಲ ತಾಯಿ, ನಿಮ್ಮ ಹಲ್ಲು ಸವೆಯುವ ಸದ್ದು. ಹೀಗೇ ಹಾಡಿದರೆ ಒಂದೂ ಉಳಿಯುವುದಿಲ್ಲ," ಎಂದಿತು ಎಣ್ಣೆಯೊಳಗಿನ ಕಬ್ಬಿಣದ ಪುಡಿ ಹಿಡಿಯಲೆಂದು ತಳದ ಬೋಲ್ಟಿನ ತುದಿಗೆ ಕೂರಿಸಿದ್ದ ಅಯಸ್ಕಾಂತ.

"ತಳದಲ್ಲಿ ಕೂತವರಿಗೆ ಸಂಗೀತ ಎಲ್ಲಿ ತಿಳಿಯಬೇಕು!" ಚಕ್ರ ನಕ್ಕಿತು.

ಒಂದು ಬೆಳಿಗ್ಗೆ ಮೇಸ್ತ್ರಿ ಇಮಾಮಸಾಬ ಎಣ್ಣೆ ಬದಲಿಸಲು ಲಾರಿಯಡಿ ತೂರಿ, ಮೊದಲು ಡಬ್ಬಿಗೆ ಎಣ್ಣೆ ತುಂಬುವ ಮೇಲಿನ ಬೋಲ್ಟಿಗೇ ಸ್ಪ್ಯಾನರ್ ಹಾಕಿದ.

"ಎಣ್ಣೆ ಇಳಿಯೋದು ಕೆಳಗಿಂದ ಅಲ್ವಾ, ಸಾಬ್ರೇ?" ಎಂದ ಡ್ರೈವರ್ ಗಂಗಪ್ಪ.

"ಉಣ್ಣೋ ಬಾಯಿ ತೆರೆಯುತ್ತೋ ಇಲ್ವೋ ನೋಡದೆ ಹೊಟ್ಟೆ ಖಾಲಿ ಮಾಡಬಾರದಪ್ಪ. ಮೇಲಿಂದು ತುಕ್ಕು ಹಿಡಿದು ಕೂತ್ರೆ ನಿನ್ನ ಲಾರಿ ಇಲ್ಲೇ ಉಪವಾಸ."

ಮೇಲಿನದು ತೆರೆಯಿತು, ಬೆಳಕು ಬಿತ್ತು. ಕೆಳಗಿನದು ಬಿಚ್ಚಿದೊಡನೆ ಎಣ್ಣೆ ಹೇಳದೆ ಕೇಳದೆ ಕೆಳಗಿಟ್ಟಿದ್ದ ಬಾಣಲೆಗೆ ಇಳಿದುಹೋಯಿತು. ಅಯಸ್ಕಾಂತದ ಮೈತುಂಬ ಹೊಳೆಯುವ ಪುಡಿ. ಚಕ್ರ ಗುರುತು ಹಿಡಿಯಿತು: ತನ್ನದೇ ಹಲ್ಲು.

"ಯಾರೂ ಹೇಳಲಿಲ್ಲವಲ್ಲ!"

"ಹೇಳುತ್ತಲೇ ಇದ್ದೆ ತಾಯಿ. ನೀವು ಹಾಡು ಕೇಳುತ್ತಿದ್ದಿರಿ."

ಇಮಾಮಸಾಬ ಅಯಸ್ಕಾಂತವನ್ನು ಒರೆಸಿ, ಬೋಲ್ಟನ್ನು ತಿರುಗಿ ಬಿಗಿದು, ಹೊಸ ಎಣ್ಣೆ ತುಂಬಿದ. ಅಂದಿನ ಘಾಟಿಯಲ್ಲಿ ಹೊಸ ಎಣ್ಣೆ, "ರಾಣೀ..." ಎಂದು ಶುರುಮಾಡಿತು.

"ಸ್ವಲ್ಪ ತಡಿ," ಎಂದಿತು ಚಕ್ರ. "ಮೊದಲು ಕೆಳಗಿನವರನ್ನು ಕೇಳೋಣ."