ಎದುರು ಬದಿಯ ಜಾಗ

“ಮಠದ ದಾರಿ ಯಾವುದಪ್ಪಾ?” ಸಿಟ್ಟಿನ ಭರದಲ್ಲಿ ಮುಂದೆ ಮುಂದೆ ನಡೆದು ದಾರಿ ತಪ್ಪಿದ ಶಿಷ್ಯೆ ಕುರಿ ಕಾಯುವವನನ್ನು ಕೇಳಿದಳು.

“ಅದನ್ನು ದಾಟಿಯೇ ಬಂದಿದ್ದೀರಲ್ಲ ತಾಯಿ!” ಅವನು ನಕ್ಕ.

ಅವಳ ಹಿಂದೆಯೇ ಬಂದಿದ್ದ ಗುರುಮಾತೆ ಹಿಂದಕ್ಕೆ ತಿರುಗಿದರು. ಶಿಷ್ಯೆಗೆ ಸಮಾಧಾನವಿರಲಿಲ್ಲ. ನಡೆಯುತ್ತಲೇ ಕೇಳಿದಳು: “ಅಮ್ಮಾ, ಗಂಡ ಸತ್ತ ನನ್ನ ನಾದಿನಿಗೆ ಮತ್ತೆ ಮದುವೆ ಮಾಡೋಣ ಎಂದೆ. ಅವಳಿಗೂ ಮನಸ್ಸಿದೆ. ಮನೆಯವರೆಲ್ಲ ನನ್ನ ಮೇಲೆ ಬಿದ್ದರು. ನಾನೂ ಬಾಯಿಗೆ ಬಂದಂತೆ ಬೈದು ಎದ್ದು ಬಂದೆ. ಮಠದಲ್ಲಾದರೆ ಎಲ್ಲರೂ ನನ್ನ ಹಾಗೆ ಯೋಚಿಸುವವರು. ಒಪ್ಪದವರ ಹತ್ತಿರ ಮಾತಾಡಿ ಏನು ಸಿಗುತ್ತದೆ?”

ಗುರು ಹೇಳಿದರು:

ಒಂದು ಹರಿಗೋಲು ಹೊಳೆ ದಾಟುತ್ತಿತ್ತು. ಅದರಲ್ಲಿ ಒಬ್ಬ ರೈತನಿದ್ದ, ಎದುರಿಗೆ ಒಬ್ಬ ವ್ಯಾಪಾರಿ, ಸುತ್ತ ಅದೇ ಊರಿನ ಜನ. ಊರಬಾವಿಯಲ್ಲಿ ಕೆಳಗಿನ ಕೇರಿಯವರೂ ನೀರು ಸೇದಲಿ ಎಂದು ರೈತ. ಕೂಡದು ಎಂದು ವ್ಯಾಪಾರಿ. ಮಾತು ಜಗಳವಾಯಿತು. ರೈತನ ಮಾತು ಒಪ್ಪಿದವರೆಲ್ಲ ಎದ್ದು ಅವನ ಬದಿಗೆ ಬಂದು ಕೂತರು. ವ್ಯಾಪಾರಿ ಒಂಟಿಯಾದ. ರೈತ ಗೆದ್ದೆನೆಂದು ಮೀಸೆ ತಿರುವಿದ. ಹರಿಗೋಲು ವಾಲಿತು. ನೀರು ಒಳಗೆ ಬಂದದ್ದು ಗೆದ್ದವರ ಬದಿಯಿಂದಲೇ.

ಅಂಬಿಗ ಕೂಗಿಕೊಂಡ. ಯಾರೂ ಕದಲಲಿಲ್ಲ. ಕೊನೆಗೆ ರೈತನೇ ತೆವಳುತ್ತ ಹೋಗಿ ವ್ಯಾಪಾರಿಯ ಪಕ್ಕ ಕೂತ. ಹರಿಗೋಲು ನೆಟ್ಟಗಾಯಿತು.

“ಮೈಮೇಲೇ ಕೂತೆಯಲ್ಲೋ ಮಾರಾಯ,” ಎಂದು ವ್ಯಾಪಾರಿ ಗೊಣಗಿದ. ಅಷ್ಟು ಹತ್ತಿರ ಕೂತು ಕಿರುಚುವುದು ಹೇಗೆ? ದನಿ ತಾನಾಗಿ ತಗ್ಗಿತು. “ಬಾವಿಗೆ ಒಪ್ಪಿದರೆ ಬೀಗರು ನನ್ನ ಮಗಳ ಮದುವೆ ಮುರಿಯುತ್ತಾರೆ,” ಎಂದ.

“ಇದನ್ನು ಮೊದಲೇ ಹೇಳಬಾರದಿತ್ತೇ?”

“ನೀನು ಕೇಳಿದ್ದೆಯಾ? ಆ ಕಡೆಯಿಂದ ಬೈಯುವುದೇ ಆಯಿತು.”

“ಸರಿ, ಬೀಗರ ಮನೆಗೆ ನಾನೂ ಬರುತ್ತೇನೆ, ಇಬ್ಬರೂ ಮಾತಾಡೋಣ. ಆದರೆ ಬಾವಿಯ ಮಾತು ಮಾತ್ರ ಬಿಡುವವನಲ್ಲ.”

“ನೀನು ಬಿಡುವವನಲ್ಲ ಅಂತ ಊರಿಗೇ ಗೊತ್ತು,” ಎಂದು ವ್ಯಾಪಾರಿ ಮೊದಲ ಸಲ ನಕ್ಕ. ದಡ ಬಂತು. ಇಬ್ಬರೂ ವಾದಿಸುತ್ತಲೇ ಬೀಗರ ಊರಿನ ದಾರಿ ಹಿಡಿದರು.

ಕತೆ ನಿಂತಿತು. ಶಿಷ್ಯೆ ತಡೆಯಲಾರದೆ ಕೇಳಿದಳು: “ಆಮೇಲೆ? ವ್ಯಾಪಾರಿ ಒಪ್ಪಿದನೇ?”

ಗುರು ಅವಳ ಮುಖ ನೋಡಿದರು. “ಅದಿರಲಿ, ನೀನು ಎದ್ದು ಬಂದೆಯಲ್ಲ, ಆ ಮನೆಯಲ್ಲಿ ಈಗ ನಿನ್ನ ನಾದಿನಿಯ ಪರವಾಗಿ ಯಾರು ಕೂತಿದ್ದಾರೆ?”