ಎಡಕ್ಕೆ ತಿರುಗಲೊಪ್ಪದ ಎಲೆಕ್ಟ್ರಾನ್

ಹೀಲಿಯಂ ಪರಮಾಣುವೊಂದರ ಕೆಳಗಿನ ಕೋಣೆಯಲ್ಲಿ ಒಂದು ಎಲೆಕ್ಟ್ರಾನ್ ಒಂಟಿಯಾಗಿ ವಾಸಿಸುತ್ತಿತ್ತು. ಅದು ಬಲಕ್ಕೇ ತಿರುಗುತ್ತಿತ್ತು, ಅದನ್ನೇ ತನ್ನ ಹೆಚ್ಚುಗಾರಿಕೆ ಎಂದುಕೊಂಡಿತ್ತು. ಒಂದು ದಿನ ಇನ್ನೊಂದು ಎಲೆಕ್ಟ್ರಾನ್ ಬಾಗಿಲಿಗೆ ಬಂತು. ಅದೂ ಬಲಕ್ಕೇ ತಿರುಗುತ್ತಿತ್ತು.

ನಡುವೆ ಕುಳಿತಿದ್ದ ನ್ಯೂಕ್ಲಿಯಸ್ ಹೇಳಿತು: "ನಿಮಗೆಲ್ಲ ವಿಳಾಸವೆಂದರೆ ನಾಲ್ಕು ಸಂಖ್ಯೆಗಳು; ಇಬ್ಬರಿಗೆ ಒಂದೇ ವಿಳಾಸ ಇರುವಂತಿಲ್ಲ. ಒಂದೇ ಕೋಣೆಯಲ್ಲಿ ಇಬ್ಬರಿದ್ದರೆ ಮೂರು ಸಂಖ್ಯೆಗಳು ಒಂದೇ ಆಗುತ್ತವೆ. ನಾಲ್ಕನೆಯದು, ತಿರುಗುವ ದಿಕ್ಕು, ಬೇರೆಯಾಗಲೇಬೇಕು. ಯಾರಾದರೊಬ್ಬರು ಎಡಕ್ಕೆ ತಿರುಗಿರಿ."

"ಅಣ್ಣ, ದೂರದಿಂದ ಬಂದು ದಣಿದಿದ್ದೇನೆ. ನೀನು ತಿರುಗುವೆಯಾ?" ಎಂದು ಹೊಸದಾಗಿ ಬಂದದ್ದು ಕೇಳಿತು.

"ಮೊದಲು ಬಂದವನು ನಾನು. ನಾನೇಕೆ ತಿರುಗಲಿ? ಮೇಲಿನ ಮಹಡಿ ಖಾಲಿಯಿದೆ, ಹೋಗು."

ಕಿರಿಯದು ಮೇಲೆ ಹೋಯಿತು. ಅಲ್ಲಿ ನ್ಯೂಕ್ಲಿಯಸ್ಸಿನ ಹಿಡಿತ ಸಡಿಲ. ದಾರಿಹೋಕ ಪರಮಾಣುವೊಂದು ಡಿಕ್ಕಿ ಹೊಡೆದಾಗ ಅದು ಹೊರಗೆ ಚಿಮ್ಮಿ ಕಣ್ಮರೆಯಾಯಿತು.

"ತಿರುಗಿದ್ದರೆ ನನ್ನದೇನು ಹೋಗುತ್ತಿತ್ತು?" ಎಂದು ಹಿರಿಯ ಎಲೆಕ್ಟ್ರಾನ್ ಕೇಳಿತು.

"ಏನೂ ಹೋಗುತ್ತಿರಲಿಲ್ಲ," ಎಂದಿತು ನ್ಯೂಕ್ಲಿಯಸ್.

ಆ ಮಾತು ಹಿರಿಯದನ್ನು ಬಹುಕಾಲ ಕೊರೆಯಿತು. ಕೊನೆಗೊಮ್ಮೆ, ಬಲಕ್ಕೆ ತಿರುಗುತ್ತ ಮತ್ತೊಂದು ಎಲೆಕ್ಟ್ರಾನ್ ಬಾಗಿಲಿಗೆ ಬಂತು. ಅದು ಕೇಳುವ ಮೊದಲೇ ಹಿರಿಯದು ಎಡಕ್ಕೆ ತಿರುಗಿ, ಒಳಗೆ ಕರೆದು ಜಾಗ ಕೊಟ್ಟಿತು. ಆಮೇಲೆ ಮೆಲ್ಲಗೆ ವಿಚಾರಿಸಿತು: "ಅಂದು ನಾನು ಮೇಲೆ ಕಳಿಸಿದ ತಮ್ಮ ನೀನೇನಾ?"

"ನಮಗೆಲ್ಲ ಒಂದೇ ಮುಖ ಅಣ್ಣ. ಯಾರು ಯಾರೆಂದು ನಮಗೇ ಗೊತ್ತಾಗದು," ಎಂದಿತು ಹೊಸದು.

ಕ್ಷಮೆ ಕೇಳಲು ಬಾಯಿ ತೆರೆದಿದ್ದ ಹಿರಿಯದು, ಕೇಳಬೇಕಾದದ್ದು ಯಾರನ್ನು ಎಂದು ತಿಳಿಯದೆ ಸುಮ್ಮನಾಯಿತು.