ಒಂದು ವ್ಯಾಟೂ ಹಿಂದಿರುಗಿಸದ ಡಬ್ಬ

ನೂರು ವ್ಯಾಟ್ ಕೊಡುವುದು, ದೂರದೂರಿನಿಂದ ಒಂದು ಉತ್ತರ ತರಿಸಿಕೊಳ್ಳುವುದು. ಹಳೆಯ ವಾಲ್ವ್ ಟ್ರಾನ್ಸ್‌ಮಿಟರಿಗೂ ಚಾವಣಿಯ ಆಂಟೆನಾ ತಂತಿಗೂ ಇದ್ದ ಒಪ್ಪಂದ ಇಷ್ಟೇ. ಆದರೆ ತಂತಿ ಪ್ರತಿ ಸಲವೂ ಹತ್ತು ವ್ಯಾಟ್ ಹಿಂದಕ್ಕೆ ತಳ್ಳುತ್ತಿತ್ತು. ಮೀಟರಿನ ಮುಳ್ಳು ಅದನ್ನು ಎದ್ದು ತೋರಿಸಿದಾಗಲೆಲ್ಲ ಟ್ರಾನ್ಸ್‌ಮಿಟರಿಗೆ ಮೈಯೆಲ್ಲ ಉರಿ.

"ಕೊಟ್ಟ ಮಾಲು ವಾಪಸ್ ಮಾಡ್ತೀಯಲ್ಲೋ, ನಾಚಿಕೆ ಇಲ್ವೇ?"

"ತಮ್ಮ ಟ್ಯೂನಿಂಗ್ ಗುಂಡಿ ಒಂಚೂರು ತಿರುಗಿಸಿದರೆ ಸರಿಹೋಗುತ್ತೆ, ಧಣಿ."

"ನಿನಗಾಗಿ ನಾನು ತಿರುಗಬೇಕೇ?"

ಪರೀಕ್ಷೆಯ ಹೊತ್ತಿಗೆ ಆಂಟೆನಾ ಬದಲು ಜೋಡಿಸಲೆಂದು ಮೇಜಿನಡಿ ಇಟ್ಟಿದ್ದ, ರೆಸಿಸ್ಟರ್ ಮುಳುಗಿಸಿದ ಎಣ್ಣೆ ಡಬ್ಬ ವಿನಯದಿಂದ ಹೇಳಿತು: "ನನಗೆ ಕೊಟ್ಟು ನೋಡಿ ಧಣಿ. ಒಂದು ವ್ಯಾಟೂ ಹಿಂದಿರುಗಿಸೋಲ್ಲ."

ಟ್ರಾನ್ಸ್‌ಮಿಟರ್ ಕೂಡಲೇ ತಂತಿಯನ್ನು ಬಿಟ್ಟು ಡಬ್ಬದ ಕೈ ಹಿಡಿಯಿತು. ಸಂಜೆಯವರೆಗೆ ಮೋರ್ಸ್ ಕುಟ್ಟಿತು, ಮೈಕಿನಲ್ಲಿ ಕೂಗಿತು. ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ. ಇಂಥ ಗಿರಾಕಿ ಎಲ್ಲಿ ಸಿಗುತ್ತಾನೆ ಎಂದು ಅದು ಉಬ್ಬಿತು.

ಕೊನೆಗೆ ಪಕ್ಕದ ರಿಸೀವರನ್ನು ಕೇಳಿತು: "ಎಷ್ಟು ಜನ ಉತ್ತರ ಕೊಟ್ಟರಯ್ಯಾ?"

"ಯಾರಿಗೆ ಕೇಳಿಸಿದೆ, ಉತ್ತರ ಕೊಡೋಕೆ? ಡಬ್ಬ ಎಲ್ಲವನ್ನೂ ತಾನೇ ನುಂಗಿತು. ನಿಮ್ಮದೊಂದು ಚುಕ್ಕೆಯೂ ಈ ಕೋಣೆ ದಾಟಿಲ್ಲ."

ಆ ದಿನ ಹಿಂದಕ್ಕೆ ಬಂದ ಮಾಲು ಏನೂ ಇಲ್ಲ, ಬಂದ ಉತ್ತರವೂ ಇಲ್ಲ. ಲಾಭ, ಒಂದು ಡಬ್ಬ ಬಿಸಿ ಎಣ್ಣೆ.